ಎರಡು ಬ್ಯಾಟರಿಗಳ ನಡುವಿನ ಸ್ವಿಚ್

ಬೆಳಗ್ಗೆ ಹತ್ತಕ್ಕೆ ಮರಳುದಿಬ್ಬದ ಮುಂದೆ ಲಂಗರು ಹಾಕಿದೆವು. ಉಬ್ಬರಕ್ಕೆ ನೀರು ಏರುವುದು ಸಂಜೆ ಐದಕ್ಕೆ. ಅಲ್ಲಿಯವರೆಗೆ ದಿಬ್ಬ ದಾಟಿ ದ್ವೀಪದ ಜೆಟ್ಟಿಗೆ ಹೋಗುವಂತಿರಲಿಲ್ಲ. ದೋಣಿ ಮಾವನದು. ಎಂಜಿನ್ ನೋಡಿಕೊಳ್ಳುವವನು ಸ್ಪ್ಯಾನರಣ್ಣ. ಡಿಗ್ರಿ ಮುಗಿಸಿ ಮನೆಯಲ್ಲಿ ಮೂಲೆ ಹಿಡಿದಿದ್ದ ನನ್ನನ್ನು ಅಮ್ಮ ಎರಡು ತಿಂಗಳ ಹಿಂದೆ ಅವರ ಜೊತೆ ಅಟ್ಟಿದ್ದಳು. ಅಂದಿನಿಂದ ಬ್ಯಾಟರಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಪುಟ್ಟ ಫ್ರಿಜ್ಜಿನಲ್ಲಿ ದ್ವೀಪದ ಮಕ್ಕಳಿಗೆ ಹಾಕುವ ಲಸಿಕೆಗಳ ಪೆಟ್ಟಿಗೆ ಇತ್ತು. ಎಂಟು ಡಿಗ್ರಿ ದಾಟಿದರೆ ಅಲ್ಲಿನ ನರ್ಸಮ್ಮ ಅಷ್ಟನ್ನೂ ಎಸೆಯಬೇಕು. ಇನ್ನೊಂದು ಪೆಟ್ಟಿಗೆ ಬರಲು ತಿಂಗಳು ಹಿಡಿಯುತ್ತದೆ.

ದೋಣಿಯಲ್ಲಿ ಬ್ಯಾಟರಿ ಎರಡು. ಒಂದು ಎಂಜಿನ್ ಚಾಲೂ ಮಾಡಲು ಮಾತ್ರ. ಇನ್ನೊಂದು ದೀಪ, ಪಂಪು, ಫ್ರಿಜ್ಜಿಗೆ. ಎರಡನ್ನೂ ಸೇರಿಸಲು ನಡುವೆ ಒಂದು ತಿರುಗಿಸುವ ಸ್ವಿಚ್. ಎಂಜಿನ್ ಓಡಿಸಿ ಚಾರ್ಜ್ ಮಾಡೋಣವೆಂದರೆ ಡೀಸೆಲ್ ಜೆಟ್ಟಿ ಮುಟ್ಟುವಷ್ಟೇ ಇತ್ತು. ಉಳಿದದ್ದು ಮೇಲಿನ ಸೋಲಾರ್ ಪ್ಯಾನೆಲ್.

ಹನ್ನೊಂದಕ್ಕೆ ಮೀಟರ್ ನೋಡಿದೆ. ಹನ್ನೆರಡೂವರೆ ಇದ್ದ ವೋಲ್ಟ್ ಆಗಲೇ ಹನ್ನೆರಡಕ್ಕೆ ಇಳಿದಿತ್ತು. ಮೇಲೆ ಹತ್ತಿದರೆ, ಪ್ಯಾನೆಲ್ ತುಂಬ ಸ್ಪ್ಯಾನರಣ್ಣನ ಒದ್ದೆ ಅಂಗಿ, ಪ್ಯಾಂಟು.

“ಅಲ್ಲಿ ಕಾವು ಚೆನ್ನಾಗಿರುತ್ತೆ, ಬೇಗ ಒಣಗುತ್ತೆ ಡಿಗ್ರಿಯಮ್ಮ,” ಎಂದ.

“ಅಣ್ಣ, ಅದು ಬಿಸಿಲು ತಿನ್ನೋದು. ನಿನ್ನ ಪ್ಯಾಂಟ್ ತಿನ್ನಲ್ಲ.”

“ಒಂದು ಮೂಲೇಲಿ ಅಂಗಿಯಾದರೂ ಇರಲಿ.”

“ಒಂದು ಮೂಲೆಗೆ ನೆರಳು ಬಿದ್ದರೂ ಪೂರ್ತಿ ಮುನಿಸಿಕೊಳ್ಳುತ್ತೆ.”

“ಥೇಟ್ ನಮ್ಮ ಮನೆಯವಳು,” ಎಂದು ಗೊಣಗುತ್ತ ಬಟ್ಟೆ ಬಾಚಿಕೊಂಡ.

ಫ್ರಿಜ್ಜಿನ ಗುಂಯ್ ಸದ್ದು ಮಾತ್ರ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಮುಚ್ಚಳ ಎತ್ತಿ ನೋಡಿದೆ. ಲಸಿಕೆಯ ಪಕ್ಕ ಆರು ನೀರಿನ ಬಾಟಲಿ. ಮುಟ್ಟಿದರೆ ಇನ್ನೂ ಬೆಚ್ಚಗಿದ್ದವು.

“ಮಧ್ಯಾಹ್ನಕ್ಕೆ ತಣ್ಣೀರು ಬೇಡವೇನೇ?” ಮಾವ ಕೇಳಿದ.

ಅವನೆದುರು ನನಗೆ ನಾಲಿಗೆ ಏಳುವುದಿಲ್ಲ. ಬಾಟಲಿಗಳನ್ನು ತೆಗೆದು ಸುಮ್ಮನೆ ಅವನ ಕಾಲ ಬಳಿ ಸಾಲಾಗಿ ಇಟ್ಟೆ. ಪಂಪು, ರೇಡಿಯೊ ಆರಿಸಿದೆ. ಇಬ್ಬರ ಮೊಬೈಲನ್ನೂ ಚಾರ್ಜರ್‌ನಿಂದ ಕಿತ್ತೆ. ಅರ್ಧ ಗಂಟೆಗೊಮ್ಮೆ ಮೇಲೆ ಹತ್ತಿ, ಪ್ಯಾನೆಲ್ಲಿನ ಅಡಿಗೆ ಸ್ಟೂಲು ಕೊಟ್ಟು ಸೂರ್ಯನ ಕಡೆ ವಾಲಿಸಿದೆ. ಮಧ್ಯಾಹ್ನ ಎರಡರವರೆಗೆ ವೋಲ್ಟ್ ಇಳಿಯಲಿಲ್ಲ. ಆಮೇಲೆ ಮೋಡ ಕವಿಯಿತು.

ಮೂರೂವರೆಗೆ ವೋಲ್ಟ್ ಹನ್ನೊಂದೂ ಮುಕ್ಕಾಲು. ಫ್ರಿಜ್ಜಿನೊಳಗೆ ನಾಲ್ಕು ಡಿಗ್ರಿ. ಮಾವ ಎದ್ದು ಬಂದು ಸ್ವಿಚ್ಚಿಗೆ ಕೈ ಚಾಚಿದ.

“ಎರಡನ್ನೂ ಸೇರಿಸಿಬಿಡ್ತೀನಿ. ಈಗ ಲಸಿಕೆ ಮುಖ್ಯ.”

ಯಾವಾಗಲೂ ಅವನು ಮಾಡುತ್ತಿದ್ದದ್ದೇ ಅದು. ಕಳೆದ ತಿಂಗಳು ಎರಡು ಸಲ ಎಂಜಿನ್ ಏಳದೆ ಬೇರೆ ದೋಣಿ ನಮ್ಮನ್ನು ಎಳೆದು ತಂದಿತ್ತು. ನಾನು ಎದ್ದು ಸ್ವಿಚ್ಚಿಗೆ ಅಡ್ಡ ನಿಂತೆ.

“ಬೇಡ ಮಾವ.”

“ಏನಂದೆ?”

“ಸೇರಿಸಿದರೆ ಖಾಲಿಯಾಗಿರೋದು ತುಂಬಿರೋದನ್ನೂ ಬರಿದು ಮಾಡುತ್ತೆ. ಐದಕ್ಕೆ ಎಂಜಿನ್ ಏಳಲ್ಲ. ನೀರು ಇಳಿದುಬಿಟ್ಟರೆ ನಾಳೆವರೆಗೂ ಇಲ್ಲೇ. ಲಸಿಕೆ ಹೇಗೂ ಕೆಡುತ್ತೆ.”

“ಮತ್ತೆ ನೀನೇನು ಮಾಡ್ತೀಯ?”

“ಫ್ರಿಜ್ ಆರಿಸ್ತೀನಿ.”

“ಸರಿಹೋಯ್ತು,” ಸ್ಪ್ಯಾನರಣ್ಣ ನಕ್ಕ. “ರೋಗಿ ಉಳೀಲಿ ಅಂತ ಮೂಗು ಮುಚ್ತಾಳಂತೆ.”

“ಮುಚ್ಚಳ ತೆರೆಯದಿದ್ದರೆ ಒಂದೂವರೆ ಗಂಟೆಗೆ ಎರಡು ಡಿಗ್ರಿ ಏರುತ್ತೆ. ಹೋದ ವಾರ ಮೂರು ಸಲ ಅಳೆದಿದ್ದೀನಿ.”

ಮಾವ ಚಾಚಿದ ಕೈ ಹಿಂತೆಗೆಯಲಿಲ್ಲ. ನಾನೂ ಜಾಗ ಬಿಟ್ಟು ಸರಿಯಲಿಲ್ಲ.

“ಕೆಟ್ಟರೆ ನರ್ಸಮ್ಮನಿಗೆ ನೀನೇ ಹೇಳಬೇಕು,” ಎಂದ ಕೊನೆಗೆ.

“ಹೇಳ್ತೀನಿ.”

ಮನೆಗೆ ಬಂದ ನೆಂಟರಿಗೇ ಮುಖ ಕೊಟ್ಟು ಮಾತಾಡದವಳು ನಾನು. ಫ್ರಿಜ್ ಆರಿಸಿ, ಎರಡು ಕಂಬಳಿ ಸುತ್ತಿ, ಯಾರೂ ಮುಚ್ಚಳ ಎತ್ತದಂತೆ ಅದರ ಮೇಲೇ ಕುಳಿತೆ.

“ಕಾವು ಕೂತಿದ್ದೀಯಾ?” ಸ್ಪ್ಯಾನರಣ್ಣ ಕೇಳಿದ.

“ತಂಪು ಕೂತಿದ್ದೀನಿ.”

ಮಾವನ ಮೀಸೆ ತುಸು ಅಲುಗಿತು.

ಐದಕ್ಕೆ ದೋಣಿಯ ತಳ ಹಗುರಾಗಿ ತೂಗತೊಡಗಿತು. ಸ್ಪ್ಯಾನರಣ್ಣ ಕೀಲಿ ತಿರುಗಿಸಿದ. ಎಂಜಿನ್ ಒಂದು ಸಲ ಕೆಮ್ಮಿತು. ಇನ್ನೊಂದು ಸಲ. ಆಮೇಲೆ ಗಟ್ಟಿಯಾಗಿ ಹಿಡಿದುಕೊಂಡಿತು. ಫ್ರಿಜ್ಜಿನ ಗುಂಡಿ ಒತ್ತಿದೆ.

ಜೆಟ್ಟಿಯಲ್ಲಿ ನರ್ಸಮ್ಮ ಪೆಟ್ಟಿಗೆಯೊಳಗಿನ ಥರ್ಮಾಮೀಟರನ್ನು ಬೆಳಕಿಗೆ ಹಿಡಿದಳು. “ಆರು,” ಎಂದು ಬರೆದುಕೊಂಡು ಪೆಟ್ಟಿಗೆಯನ್ನು ಎತ್ತಿಕೊಂಡು ನಡೆದಳು.

ಮಾವ ಡೀಸೆಲ್ ಕ್ಯಾನು ತಂದು ಇಳಿಸಿದ. ಸ್ವಲ್ಪ ಹೊತ್ತು ಹಗ್ಗ ಸರಿಮಾಡುವವನಂತೆ ನಿಂತಿದ್ದು, ನನ್ನ ಕಡೆ ತಿರುಗಿದ.

“ಚಾರ್ಜಿಗೆ ಎಂಜಿನ್ ಎಷ್ಟು ಹೊತ್ತು ಓಡಬೇಕು?”

“ಎರಡು ಗಂಟೆ.”

“ಒಂದು ಸಾಲದಾ?”

“ಸಾಲದು ಮಾವ,” ಎಂದೆ.