ಮಿಸ್ಡ್ ಕಾಲ್ ಅಕ್ಕ

ಆಪ್ತಸಮಾಲೋಚಕಿಗೆ ಆ ದಿನ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳ ರೋಗಿಯಾದ ಬೀಗ ರಿಪೇರಿಯವನ ರಕ್ತದ ರಿಪೋರ್ಟ್ ಬಂದಿತ್ತು. ವರ್ಷಗಳಿಂದ ಬಾಲ ಮುದುರಿಕೊಂಡು ಬಿದ್ದಿದ್ದ ಎಚ್‌ಐವಿ ವೈರಸ್ ಮತ್ತೆ ತಲೆ ಎತ್ತಿತ್ತು. ಹೀಗೇ ಬಿಟ್ಟರೆ ಅವನು ದಿನಾ ನುಂಗುವ ಮಾತ್ರೆ ನಾಟುವುದೇ ನಿಂತುಹೋಗುತ್ತದೆ. ಆಮೇಲೆ ಅವನ ಗತಿ ಏನು?

ಅವಳ ತಲೆ ಕೆಡಿಸಿದ್ದು ಬೇರೆ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಮಿಸ್ಡ್ ಕಾಲ್ ಅಕ್ಕ ಎನ್ನುತ್ತಿದ್ದರು. ಮಾತ್ರೆಯ ಹೊತ್ತಿಗೆ ತನ್ನ ರೋಗಿಗಳಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುವಳು. ನುಂಗಿದವರು ತಿರುಗಿ ಒಂದು ರಿಂಗ್ ಕೊಡಬೇಕು. ಮಾತಿಲ್ಲ ಕತೆಯಿಲ್ಲ, ಅಕ್ಕಪಕ್ಕದವರಿಗೂ ಸುಳಿವು ಸಿಗುವುದಿಲ್ಲ. ತಿರುಗಿ ರಿಂಗ್ ಬರದಿದ್ದರೆ ಇವಳ ಗಂಟಲಲ್ಲಿ ಅನ್ನ ಇಳಿಯದು. ಬೀಗದವನ ರಿಂಗ್ ಅಂತೂ ಒಂದು ದಿನವೂ ತಪ್ಪಿದ್ದಿಲ್ಲ; ಮತ್ತೆ ವೈರಸ್ ಎದ್ದದ್ದು ಹೇಗೆ? ಹೊಸಬರಿಗೆಲ್ಲ ಹೆಸರು ಹೇಳದೆ ಅವನದೇ ಉದಾಹರಣೆ ಕೊಟ್ಟು ಜಂಬ ಕೊಚ್ಚಿಕೊಂಡಿದ್ದಳು ಮಹಾರಾಯಿತಿ.

ಅವನನ್ನು ಕರೆಸಿದಳು. ಬಂದವನು ಕುರ್ಚಿಯ ತುದಿಯಲ್ಲಿ ಕೂತು ಬೆರಳಿಗಂಟಿದ ಎಣ್ಣೆ ಒರೆಸಿಕೊಳ್ಳತೊಡಗಿದ. ಇಷ್ಟು ದಿನ ಸುಳ್ಳು ರಿಂಗ್ ಕೊಟ್ಟು ನನ್ನ ಕಣ್ಣಿಗೆ ಮಣ್ಣೆರಚಿದಿರಾ ಎಂದು ಅವಳು ರೇಗಿದಳು. ಅವನು ಬೆರಳು ಒರೆಸುತ್ತಲೇ ಹೇಳಿದ.

“ಸುಳ್ಳಲ್ಲ ಅಕ್ಕ. ಮಾತ್ರೆ ನುಂಗಿದ್ಮೇಲೇನೇ ರಿಂಗ್ ಕೊಟ್ಟಿದ್ದು. ಒಂದಿನ ನಾನು ನುಂಗ್ತೀನಿ, ಒಂದಿನ ನನ್ನ ಹೆಂಡ್ತಿ.”

ಹೆಂಡತಿ ಯಾವುದೋ ದೂರದ ಲ್ಯಾಬಿನಲ್ಲಿ ಗುಟ್ಟಾಗಿ ಪರೀಕ್ಷೆ ಮಾಡಿಸಿಕೊಂಡಿದ್ದಳಂತೆ. ಅವಳಿಗೂ ಇದೆಯಂತೆ. ಇಲ್ಲಿಗೆ ಬರಲು ಮಾತ್ರ ಸುತರಾಂ ಒಪ್ಪಳು, ಏಕೆಂದರೆ ಅವಳು ಇದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವಳು. ಈ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತವರಿಗೆ ಏನಿದೆ ಎಂದು ಕಸ ಗುಡಿಸುವವರಿಗೂ ಗೊತ್ತು. ಅದಕ್ಕೇ ಗಂಡ ತನ್ನ ಮಾತ್ರೆಯಲ್ಲೇ ಪಾಲು ಕೊಟ್ಟಿದ್ದ. ರಿಂಗ್ ಬಂತೇ, ರಿಂಗ್ ಬಂತೇ ಎಂದು ಚಡಪಡಿಸುತ್ತಿದ್ದ ಸಮಾಲೋಚಕಿಗೆ, ನುಂಗಿದವರು ಯಾರೆಂದು ಕೇಳಲು ಒಮ್ಮೆಯೂ ಹೊಳೆದಿರಲಿಲ್ಲ. ನೀವೇ ಹೋಗಿ ಅವಳಿಗೆ ಹೇಳಿ ಎಂದು ಅವನು ಬೇಡಿಕೊಂಡ.

ಸಮಾಲೋಚಕಿ ಆಗಲೇ ಹೊರಟಳು. ಬಟ್ಟೆ ಒಗೆಯುವ, ಹಬೆ ತುಂಬಿದ ಕೋಣೆಯಲ್ಲಿ ಆ ಹೆಂಗಸು ಒಬ್ಬಳೇ ಚಾದರ ಮಡಚುತ್ತಿದ್ದಳು. ಸಮಾಲೋಚಕಿ ಚಾದರದ ಇನ್ನೊಂದು ತುದಿ ಹಿಡಿದುಕೊಂಡು, ಯಂತ್ರದ ಸದ್ದಿನ ಮರೆಯಲ್ಲಿ, ಹೀಗೆ ಹಂಚಿಕೊಂಡರೆ ಇಬ್ಬರಿಗೂ ಕೇಡು ಎಂದು ಬಿಡಿಸಿ ಹೇಳಿದಳು.

“ನಾವು ಎಲ್ಲಾನೂ ಅರ್ಧರ್ಧ ಮಾಡ್ಕೊಂಡೇ ಬದುಕಿದ್ದು. ಇದೂ ಹಾಗೇ ಅಂದ್ಕೊಂಡೆ,” ಎಂದಳು ಆ ಹೆಂಗಸು. ಚಾದರ ಮಡಚಿಟ್ಟು, “ಸರಿ, ಇನ್ಮೇಲೆ ಪೂರ್ತಿ ಅವರೇ ತಗೊಳ್ಳಲಿ. ನನಗೆ ಬೇಡ,” ಎಂದಳು.

ಸಮಾಲೋಚಕಿ ಅವಳ ಕೈ ಹಿಡಿದುಕೊಂಡಳು. ಒಬ್ಬನನ್ನು ಉಳಿಸಲು ಬಂದು ಇನ್ನೊಬ್ಬಳನ್ನು ಕೊಂದು ಹೋಗುವುದೇ? ಊರಿನ ಆ ಕಡೆಯ ಆಸ್ಪತ್ರೆಯಲ್ಲೂ ಮಾತ್ರೆ ಸಿಗುತ್ತದೆ, ಅಲ್ಲಿ ನಿಮ್ಮ ಗುರುತಿನವರಿಲ್ಲ, ನಾಳೆ ನಾನೇ ಜೊತೆಗೆ ಬರುತ್ತೇನೆ ಎಂದು ಗೋಗರೆದಳು.

“ಬೆಂಚಲ್ಲಿ ನನ್ನ ಪಕ್ಕ ಕೂತ್ಕೋತೀರಾ?”

“ಕೂತ್ಕೋತೀನಮ್ಮ. ಅದಕ್ಕೇನಂತೆ.”

ಅದಕ್ಕೇನು ಎಂಬುದು ಮರುದಿನ ಕೂತ ಮೇಲೆ ತಿಳಿಯಿತು. ಆ ಹೆಂಗಸಿನ ಗುರುತಿನವರು ಯಾರೂ ಇರಲಿಲ್ಲ ನಿಜ, ಆದರೆ ಸಮಾಲೋಚಕಿಯ ನಾದಿನಿಯ ಅತ್ತೆ ಮಂಡಿನೋವಿಗೆಂದು ಅಲ್ಲಿಗೇ ಬಂದಿದ್ದರು. ಅವರ ಬಾಯಿಗೆ ಬಿದ್ದ ಸುದ್ದಿ ಊರಿಡೀ ಸುತ್ತದೆ ಮಲಗಿದ್ದಿಲ್ಲ. ಅವರು ಬಾಗಿಲ ಮೇಲಿನ ‘ಎಚ್‌ಐವಿ ಚಿಕಿತ್ಸೆ’ ಬೋರ್ಡು ಓದಿದರು, ಬೆಂಚಿನ ಕಡೆ ಕಣ್ಣರಳಿಸಿದರು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಜನರಿಗೆ ಬಾಯಿ ನೋಯುವಷ್ಟು ಹೇಳಿದ್ದ ಸಮಾಲೋಚಕಿ, ಕೊರಳಲ್ಲಿದ್ದ ನೌಕರಿಯ ಕಾರ್ಡನ್ನು ತನಗೇ ಗೊತ್ತಿಲ್ಲದಂತೆ ಹೊರಗೆಳೆದು, ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ಬಿಟ್ಟುಕೊಂಡಳು.

ಪಕ್ಕದವಳು ಅದನ್ನು ನೋಡಿದಳು.

“ನಾನು ಹೆದರಿದ್ದೂ ಇದಕ್ಕೇ ಅಕ್ಕ,” ಎಂದಳು, ಸಿಟ್ಟಿಲ್ಲದೆ. ಚೀಲ ಕೈಗೆತ್ತಿಕೊಂಡಳು. ಎದ್ದು ಹೊರಟೇಬಿಡುತ್ತಾಳೆ ಎಂದು ಸಮಾಲೋಚಕಿಗೆ ಅನಿಸಿತು. ತನಗೇ ನಾಚಿಕೆಯಾಯಿತು. ಕಾರ್ಡನ್ನು ಕೊರಳಿಂದ ತೆಗೆದು ಬೆಂಚಿನ ಮೇಲೆ ಮಗುಚಿಟ್ಟಳು.

ಅಷ್ಟರಲ್ಲಿ ನಾದಿನಿಯ ಅತ್ತೆ ಹತ್ತಿರ ಬಂದು, ನೀನೇನಮ್ಮ ಇಲ್ಲಿ ಎಂದು ರಾಗ ಎಳೆದರು.

“ಮಾತ್ರೆ ತಗೊಳ್ಳೋಕೆ ಬಂದಿದೀವಿ,” ಎಂದಳು ಸಮಾಲೋಚಕಿ.

ಆಕೆ ಹೌಹಾರಿ ಹಿಂದೆ ಸರಿದರು. ಒಳಗಿನಿಂದ ಕರೆ ಬಂತು. ಮೊದಲು ಎದ್ದವಳು ಬಟ್ಟೆ ಒಗೆಯುವ ಹೆಂಗಸು.