ಬುಟ್ಟು ಬುಟ್ಟು ಕುಡ್ಸು

ಡಾಕ್ಟರು ಮಹಾಲಿಂಗಯ್ಯ ಮಿಡಿಗೇಶಿಯಲ್ಲಿ ಬಸ್ಸಿಳಿದಾಗ ಅವರ ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದವಿತ್ತು. ಮೂರು ತಿಂಗಳಿಂದ ಸಂಜೀವಯ್ಯ ಹಲ್ಲು ಕಚ್ಚಿಕೊಂಡು ಕಾದಿದ್ದುದು ಅದಕ್ಕೇ.

ಅವನ ತಾಯಿ ರಾಮಾಂಜಿನಮ್ಮ ಊರಿನ ಸೂಲಗಿತ್ತಿ. ಕಳೆದ ವರ್ಷ, 1962ರಲ್ಲಿ, ಅವಳ ಬೇರಿನ ಕಷಾಯ ಕುಡಿದ ಅವನ ಹೆಂಡತಿ ತಿಮ್ಮಕ್ಕ ಹೊಟ್ಟೆಯ ಕೂಸಿನೊಂದಿಗೇ ಸತ್ತಿದ್ದಳು. ಅಂದಿನಿಂದ ಅವನು 'ಅವ್ವ' ಅಂದದ್ದಿಲ್ಲ, ಕರೆದರೆ 'ಕೊಲೆಗಾತಿ'. ಊರವರೂ ಅವಳನ್ನು ಹೆರಿಗೆಗೆ ಕರೆಯುವುದು ಬಿಟ್ಟರು. ನಾಟಿ ಮದ್ದನ್ನು ಬೆಂಗಳೂರಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ಡಾಕ್ಟರಿಗೆ ಅವಳ ಗಂಟಿನಿಂದ ಬೇರು ಕದ್ದು ಕೊಟ್ಟವನೂ ಇವನೇ. ಪೊಲೀಸರ ಮುಖಕ್ಕೆ ಹಿಡಿಯಲು ಅವನಿಗೊಂದು ಕಾಗದ ಬೇಕಿತ್ತು.

ಡಾಕ್ಟರು ಸಂಜೀವಯ್ಯನ ಮನೆಯ ಜಗಲಿಯ ಮೇಲೆ ಸುರುಳಿ ಬಿಚ್ಚಿದರು. ಮಸಿ ಹಿಡಿದ ಕಾಗದ, ಮೇಲೆ ಬಿಳಿ ಗೆರೆ.

"ಹೆಣ್ಣಿಲಿಯ ಗರ್ಭಕೋಶದ್ದೊಂದು ಎಳೆ ತೆಗೆದು ಕಡ್ಡಿಗೆ ಕಟ್ಟಿದ್ವಿ. ಎಳೆ ಹಿಂಡಿದ ಹಾಗೆಲ್ಲ ಕಡ್ಡಿ ಇಲ್ಲಿ ಗೀರುತ್ತೆ. ಇದು ಒಂದು ತೊಟ್ಟು ಕಷಾಯಕ್ಕೆ."

ಗೆರೆ ಏರಿತ್ತು, ಇಳಿದಿತ್ತು, ಸ್ವಲ್ಪ ಸುಮ್ಮನಿದ್ದು ಮತ್ತೆ ಏರಿತ್ತು.

"ಹೆರಿಗೆ ನೋವೂ ಹೀಗೇ. ನಿಮ್ಮಮ್ಮನ ಮದ್ದು ಸುಳ್ಳಲ್ಲಪ್ಪ."

"ಅದು ಬುಡಿ ಸ್ವಾಮಿ. ಸಾಯ್ಸದು ಎಲ್ಲೈತೆ, ಅದ ತೋರ್ಸಿ."

ಡಾಕ್ಟರ ಬೆರಳು ಮುಂದೆ ಸರಿಯಿತು. ಅಲ್ಲಿ ಗೆರೆ ಊರ ಬೆಟ್ಟದ ಹಾಗೆ ನೆಟ್ಟಗೆ ಹತ್ತಿ, ಇಳಿಯುವುದನ್ನೇ ಮರೆತಿತ್ತು.

"ಹತ್ತು ತೊಟ್ಟು, ಒಂದೇ ಸಲ. ಹಿಂಡಿದ್ದು ಬಿಡಲೇ ಇಲ್ಲ. ಹೆಂಗಸಿಗೆ ಹೀಗಾದರೆ ಕೂಸಿಗೆ ಉಸಿರಿಲ್ಲ. ಗರ್ಭಕೋಶವೇ ಹರಿದೀತು."

"ಕೇಳುಸ್ತೇನೇ ಕೊಲೆಗಾತಿ!" ಸಂಜೀವಯ್ಯ ಬಾಗಿಲತ್ತ ತಿರುಗಿ ಕಿರುಚಿದ. "ಕಾಗ್ದವೇ ಯೋಳ್ತಾ ಐತೆ!"

ರಾಮಾಂಜಿನಮ್ಮ ರಾಗಿ ಕೇರುತ್ತಿದ್ದ ಮೊರ ಹಿಡಿದೇ ಹೊರಗೆ ಬಂದಳು. ಎರಡೂ ಗೆರೆಗಳನ್ನು ಬಗ್ಗಿ ನೋಡಿದಳು.

"ಮೊದಲ್ನೇದು ನನ್ನ ಕೈದು ಸ್ವಾಮಿ. ಒಂದು ಗುಟುಕು ಕೊಡದು, ನೋವು ಬಂದು ಹೋಗದ ನೋಡದು, ಆಮೇಕೆ ಇನ್ನೊಂದು." ಮಗನತ್ತ ತಿರುಗಿದಳು. "ಅವತ್ತು ಹೊಲದ ಗುಡ್ಲಾಗೆ ಬ್ಯಾರೆ ಹೆಂಗುಸ್ರಿರ್ಲಿಲ್ಲ. ಬಿಸ್ನೀರು ತರಕ್ಕೋಗ್ವಾಗ ಕಸಾಯದ ಚೆಂಬು ನಿನ್ ಕೈಗೆ ಕೊಟ್ಟು ಏನ್ಲಾ ಅಂದೆ?"

"ಬುಟ್ಟು ಬುಟ್ಟು ಕುಡ್ಸು ಅಂದೆ! ಕುಡುಸ್ದೆ! ಬಾಯಿಗೆ ಬುಟ್ಟೆ, ಬುಟ್ಟೆ, ಚೆಂಬು ಬರಿದಾಗಗಂಟ ಬುಟ್ಟೆ..."

ಅವನು ಕಾಗದದತ್ತ ನೋಡಿದ. ಡಾಕ್ಟರ ಬೆರಳು ಇನ್ನೂ ಎರಡನೆಯ ಗೆರೆಯ ಮೇಲೇ ಇತ್ತು.

"ನಾನಂದಿದ್ದು ಬುಡುವು ಕೊಟ್ಟು ಕಣ್ಲಾ. ಸುರಿ ಅಂದ್ನೇನ್ಲಾ?"

"ನೆಟ್ಟಗೆ ಯೋಳಕ್ಕೆ ನಿಂಗೇನು ರೋಗ ಬಂದಿತ್ತೇ ಮುದುಕಿ!"

"ಬರೀ ಚೆಂಬು ನೋಡ್ದಾಗ್ಲೇ ಗೊತ್ತಾತು. ಮಗ ಅಂತ ನುಂಗ್ಕಂಡೆ. ನೀನು ವರ್ಸವೆಲ್ಲ ಬೀದೀಲಿ ನಿಂತು ಕೂಗ್ದೆ. ಈಗ ಅದೇ ಬಾಯಲ್ಲಿ ನಿನ್ನ ನೀನೇ ಹಂಗೆ ಕೂಗ್ಕೋ."

ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಡಾಕ್ಟರು ಕಾಗದ ಸುತ್ತಿ ಚಾಚಿದರು. "ಸ್ಟೇಷನ್ನಿಗೆ ಬೇಕು ಅಂದಿದ್ಯಲ್ಲ?"

ಸಂಜೀವಯ್ಯ ಅದನ್ನು ಮುಟ್ಟಲಿಲ್ಲ. ಬಾಗಿಲನ್ನು ಮುಷ್ಟಿಯಿಂದ ಗುದ್ದಿದ. ಆಮೇಲೆ ಅಂಗೈಯಿಂದ ತಟ್ಟಿದ.

"ಅವ್ವಾ."

"ಯಾರ್ಲಾ ಅದು?" ಒಳಗಿನಿಂದ ಮೊರದ ಸದ್ದಿನ ಜೊತೆಗೇ ಬಂತು ಮಾತು. "ಈ ಮನ್ಯಾಗೆ ಇರಾಳು ಕೊಲೆಗಾತಿ ಒಬ್ಳೇಯ."