ಬಿದ್ದವನನ್ನು ಹಿಡಿದ ಹಗ್ಗ

ಉಡನ ಸೊಂಟದ ಎರಡೂ ಬದಿಯ ಚರ್ಮ ಎಮ್ಮೆಯ ಚರ್ಮದಂತಾಗಿತ್ತು. ವರ್ಷಗಟ್ಟಲೆ ಸೊಂಟಪಟ್ಟಿ ಕಟ್ಟಿಕೊಂಡು ಮರದಲ್ಲಿ ನೇತಾಡಿದ್ದಕ್ಕೆ ಸಿಕ್ಕ ಆಸ್ತಿ ಅದು. ತೊಡೆಸಂದಿಯಲ್ಲಿ ಪಟ್ಟಿ ಉಜ್ಜಿ ಹುಣ್ಣಾಗುತ್ತಿತ್ತು, ಒಣಗುತ್ತಿತ್ತು, ಮತ್ತೆ ಹುಣ್ಣಾಗುತ್ತಿತ್ತು. ಯಂತ್ರದ ಗರಗಸ ಹಿಡಿದು ಹಿಡಿದು ಬಲಗೈಯ ಎರಡು ಬೆರಳು ಬೆಳಗಿನ ಹೊತ್ತು ಮಡಚುತ್ತಲೇ ಇರಲಿಲ್ಲ. ಹೆಂಡತಿ ಬಿಸಿನೀರಿನ ಪಾತ್ರೆ ತಂದಿಡುವಳು. ಅದರಲ್ಲಿ ಕೈ ಅದ್ದಿಕೊಂಡು ಕೂತು, ಬೆರಳು ಹೇಳಿದ ಮಾತು ಕೇಳಲು ಶುರುಮಾಡಿದ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಕೊಂಬೆ ಹಿಡಿದರೆ ಬಿಡುವವನಲ್ಲ ಎಂದು ಜೊತೆಯವರು ಉಡ ಎಂದರು, ಅದೇ ಅಂಟಿಕೊಂಡಿತು.

ಪೇಟೆಯಲ್ಲಿ ಮರ ಕಡಿಯುವುದೆಂದರೆ ಕೊಡಲಿ ಹಾಕಿ ಉರುಳಿಸುವುದಲ್ಲ. ಕೆಳಗೆ ಮನೆ ಇರುತ್ತದೆ, ತಂತಿ ಇರುತ್ತದೆ, ಯಾರದೋ ಕಾರು ಇರುತ್ತದೆ. ಹತ್ತುವವನು ಮೇಲೆ ಹೋಗಿ ಕೊಂಬೆಗೆ ಹಗ್ಗ ಬಿಗಿದು ತುಂಡು ತುಂಡಾಗಿ ಕೊಯ್ಯಬೇಕು. ಕೆಳಗಿರುವವನು ಆ ಹಗ್ಗವನ್ನು ಬುಡಕ್ಕೆ ಸುತ್ತುಹಾಕಿ, ಕೊಂಬೆಯನ್ನು ಮಲಗಿದ ಮಗುವಿನಂತೆ ನಿಧಾನವಾಗಿ ಇಳಿಸಬೇಕು. ಮೇಲಿನವನ ಜೀವ ಕೆಳಗಿನವನ ಕೈಯಲ್ಲಿ, ಕೆಳಗಿನವನ ತಲೆ ಮೇಲಿನವನ ಕೈಯಲ್ಲಿ. ಉಡನಿಗೆ ಕೆಳಗೆ ಹಗ್ಗ ಹಿಡಿಯುತ್ತಿದ್ದವನು ಅವನ ಭಾವಮೈದ, ಹೆಂಡತಿಯ ಒಬ್ಬನೇ ತಮ್ಮ. ಬಾಯಿ ಸುಮ್ಮನಿರದ ಹುಡುಗಾಟದ ಮನುಷ್ಯ. ಮದುವೆಯಾಗಿತ್ತು, ಒಂದು ಹೆಣ್ಣು ಕೂಸಿತ್ತು.

ಅವರೆಲ್ಲರಿಗೆ ಕೆಲಸ ಕೊಡುತ್ತಿದ್ದವನು ಧಣಿ. ಜೀವಮಾನದಲ್ಲಿ ತನ್ನ ಕುರ್ಚಿಗಿಂತ ಎತ್ತರಕ್ಕೆ ಹತ್ತಿದವನಲ್ಲ. ಅವನ ಲಾರಿಗೆ ಹಸಿರು ಬಣ್ಣ, ಹಿಂದೆ ‘ಮರ ಉಳಿಸಿ’ ಎಂಬ ದಪ್ಪ ಅಕ್ಷರ. ಆ ಲಾರಿಯ ತುಂಬ ದಿನಾ ಕಡಿದ ಮರ ಹೋಗುತ್ತಿತ್ತು.

ಹತ್ತುವವರಲ್ಲಿ ಒಂದು ಕಟ್ಟಳೆ ಇತ್ತು. ಯಾರು ಮಾಡಿದ್ದೋ ಯಾರಿಗೂ ಗೊತ್ತಿಲ್ಲ. ಬೀಳುವ ಮನುಷ್ಯನನ್ನು ಒಮ್ಮೆ ಹಿಡಿದ ಹಗ್ಗಕ್ಕೆ ಮತ್ತೆ ಭಾರ ಹಾಕಬಾರದು. ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ, ಒಳಗೆ ಎಳೆ ಸತ್ತಿರುತ್ತದೆ. ಅಂಥದ್ದಕ್ಕೆ ‘ಬಿದ್ದ ಹಗ್ಗ’ ಎನ್ನುತ್ತಿದ್ದರು. ಬಿದ್ದವನೇ ಅವತ್ತೇ, ಅದೇ ಮರದ ಕೆಳಗೆ, ಅದನ್ನು ಮೊಳ ಮೊಳ ಕತ್ತರಿಸಬೇಕು. ಜೊತೆಯವರೆಲ್ಲ ಒಂದೊಂದು ತುಂಡು ಮನೆಗೆ ಒಯ್ಯಬೇಕು. ಉಡನ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಅಂಥದ್ದೇ ತುಂಡುಗಳನ್ನು ಗಂಟುಹಾಕಿ ಮಾಡಿದ್ದು. ಹೆಂಡತಿ ಅದರ ಮೇಲೆ ಒದ್ದೆ ಸೀರೆ ಹರಡುವಾಗೆಲ್ಲ ಒಂದು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಧಣಿಯೂ ಈ ಕಟ್ಟಳೆಗೆ ಅಡ್ಡ ಬರುತ್ತಿರಲಿಲ್ಲ. ಗೊಣಗುತ್ತಿದ್ದ, ಹೊಸ ಹಗ್ಗ ತರಿಸುತ್ತಿದ್ದ.

ಹೀಗಿರುವಾಗ ಹತ್ತುವವನೊಬ್ಬ ಗರಗಸ ಜಾರಿ ಕಾಲು ಕಳೆದುಕೊಂಡ. ಅವನ ಮನೆಯವರು ಬಂದು ಧಣಿಯ ಅಂಗಳದಲ್ಲಿ ಕೂತರು. ಅಧಿಕಾರಿಗಳು ಬಂದರು. ಧಣಿ ಕೈ ಬಿಚ್ಚಲೇಬೇಕಾಯಿತು. ಅದಾಗಿ ಕೆಲವೇ ದಿನಕ್ಕೆ ಅವನಿಗೆ ಕೂಲಿಯವರ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು.

ಉಡನನ್ನು ಕೋಣೆಗೆ ಕರೆದ. ಯಾವತ್ತೂ ಇಲ್ಲದ್ದು, ಕುರ್ಚಿ ತೋರಿಸಿದ.

“ಕೂತ್ಕೊಳಯ್ಯ. ಇನ್ನೂ ಎಷ್ಟು ದಿನ ಅಂತ ಇನ್ನೊಬ್ಬರ ಕೈಕೆಳಗೆ ದುಡೀತೀಯ? ನೀನೇ ಮಾಲೀಕ ಆಗು.”

“ನಾನಾ? ತಮಾಷೆ ಮಾಡ್ಬೇಡಿ ಧಣಿ.”

“ಎರಡು ಹಗ್ಗ, ಒಂದು ಗರಗಸ, ಸೊಂಟಪಟ್ಟಿ ಎಲ್ಲಾ ನಿಂಗೇ ಬಿಟ್ಟುಕೊಡ್ತೀನಿ. ಕೆಲಸಾನೂ ನಾನೇ ಹುಡುಕಿ ಕೊಡ್ತೀನಿ. ನಂಗೆ ಅರ್ಧ ಪಾಲು ಕೊಟ್ಟುಬಿಡು, ಸಾಕು. ನಿನ್ನ ಕಂಪನಿ, ನಿನ್ನ ಹೆಸರು.”

ಮೂಗಿಗೆ ತುಪ್ಪ ಸವರಿದರೆ ವಾಸನೆ ಬರದೆ ಇರುತ್ತದೆಯೇ? ಉಡನಿಗೂ ಬಂತು. ತಗಡಿನ ಬೋರ್ಡು ಬಂತು, ಅದರ ಮೇಲೆ ‘ಉಡ ಅಂಡ್ ಕಂಪನಿ’ ಎಂದು ಬರೆಸಿದ್ದಾಯಿತು. ಭಾವಮೈದ ಅದನ್ನು ಲಾರಿಯ ಬಾಗಿಲಿಗೆ ಕಟ್ಟುತ್ತ, “ಮಾಲೀಕ್ರೇ, ಉಡ ನೀವು, ಕಂಪನಿ ನಾನಾ?” ಎಂದು ನಕ್ಕ.

ಹೆಂಡತಿ ಮಾತ್ರ ನಗಲಿಲ್ಲ. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಆ ಮನುಷ್ಯ ತನ್ನ ನೆರಳನ್ನೂ ಯಾರಿಗೂ ಸುಮ್ನೆ ಕೊಡೋನಲ್ಲ. ಈಗ ಕಂಪನಿ ಕೊಟ್ನಾ?”

“ನಿಂಗೆ ಎಲ್ಲದರಲ್ಲೂ ಕಲ್ಲೇ ಕಾಣುತ್ತೆ.”

“ಅಕ್ಕಿ ಆರಿಸೋಳಲ್ವಾ? ಕಾಣಲೇಬೇಕು.”

ಅವಳು ಹೇಳಿದ್ದೇ ಸರಿ ಎಂದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಮನೆಗೆ ಬರುತ್ತಿದ್ದುದು ಮೊದಲಿನ ಕೂಲಿಯಷ್ಟೂ ಇರಲಿಲ್ಲ. ಗರಗಸದ ಚೈನು ತುಂಡಾದರೆ ಉಡನದು. ಪೆಟ್ರೋಲು ಉಡನದು. ಯಾರದೋ ಮನೆಯ ಹೆಂಚು ಒಡೆದರೆ ಅದೂ ಉಡನದು. ಕೈ ಕೆಸರಾಗುವುದು ಒಬ್ಬನದು, ಬಾಯಿ ಮೊಸರಾಗುವುದು ಇನ್ನೊಬ್ಬನದು. ಆದರೂ ಬೋರ್ಡು ನೋಡಿದಾಗ ಉಡನಿಗೆ ಒಳಗೊಳಗೇ ಹಿಗ್ಗು. ಸುಳ್ಳು ಹೇಳಿ ಏನು ಪ್ರಯೋಜನ, ಹಿಗ್ಗು ಇದ್ದೇ ಇತ್ತು.

ಒಂದು ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಮರದಲ್ಲಿ ಉಡ ನಿಂತಿದ್ದ ಕೊಂಬೆ ಸದ್ದಿಲ್ಲದೆ ಮುರಿಯಿತು. ಒಳಗೆ ಗೆದ್ದಲು ತಿಂದಿತ್ತು. ಅವನು ಕೆಳಗೆ ಬಂದ, ಹಗ್ಗ ಛಟ್ಟೆಂದು ಬಿಗಿಯಿತು, ಸೊಂಟ ಎರಡು ತುಂಡಾದಂತಾಯಿತು. ನೆಲ ಇನ್ನೇನು ಕೈಗೆ ಎಟುಕಬೇಕು, ಅಷ್ಟರಲ್ಲಿ ತೂಗಾಡುತ್ತ ನಿಂತ.

ಭಾವಮೈದ ಅವನನ್ನು ಇಳಿಸಿ, ನೀರು ಕುಡಿಸಿ, ಬೆನ್ನು ಸವರಿದ. ಆಮೇಲೆ ಕೈಗರಗಸ ತಂದು ಮುಂದೆ ಇಟ್ಟ.

“ಕತ್ತರಿಸಿ ಭಾವ. ಈ ಸಲ ನಂಗೆ ಉದ್ದದ್ದು ಬೇಕು. ಕೂಸಿಗೆ ಉಯ್ಯಾಲೆ ಕಟ್ತೀನಿ.”

ಉಡ ಗರಗಸ ಕೈಗೆತ್ತಿಕೊಂಡ. ಹಗ್ಗ ನೋಡಿದ. ಕತ್ತರಿಸಿದರೆ ನಾಳೆ ಏನು? ಇರುವುದು ಎರಡೇ ಹಗ್ಗ. ಒಂದು ಹತ್ತಲು, ಒಂದು ಕೊಂಬೆ ಇಳಿಸಲು. ಕೂಲಿಯವನಾಗಿದ್ದಾಗ ಕಣ್ಣು ಮುಚ್ಚಿ ಕತ್ತರಿಸುತ್ತಿದ್ದ ಕೈ ಈಗ ಮಾಲೀಕನದಾಗಿತ್ತು.

“ಇರು. ಧಣಿ ಹತ್ರ ಕೇಳ್ಕೊಂಡು ಬರ್ತೀನಿ.”

ಭಾವಮೈದನ ಮುಖದಲ್ಲಿ ನಗು ಕಡಿಮೆಯಾಯಿತು. ಗರಗಸ ಒರೆಸಿ ಪೆಟ್ಟಿಗೆಗೆ ಹಾಕಿದ.

ಧಣಿ ಪೂರ್ತಿ ಕೇಳಿಸಿಕೊಂಡ. “ಮಾಲೀಕ ನೀನು. ನನ್ನ ಹತ್ರ ಹಗ್ಗ ಕೇಳ್ತೀಯಲ್ಲೋ?”

“ಬಿದ್ದ ಹಗ್ಗ ಧಣಿ. ಮೊದಲೆಲ್ಲ ನೀವೇ ತರಿಸ್ತಿದ್ರಿ.”

“ಮೊದಲು ನೀನು ಕೂಲಿ. ಈಗ ಲೆಕ್ಕ ಬೇರೆ.” ಆಮೇಲೆ ದನಿ ಇಳಿಸಿ, ಮಗನಿಗೆ ಬುದ್ಧಿ ಹೇಳುವವನಂತೆ ಹೇಳಿದ: “ಅದರಲ್ಲಿ ಹತ್ತಬೇಡ, ಅಷ್ಟೇ. ಕೊಂಬೆ ಇಳಿಸೋಕೆ ಇಟ್ಕೋ. ಇನ್ನೊಂದರಲ್ಲಿ ಹತ್ತು. ಕೊಂಬೆಗೇನು ಹೆಂಡ್ತಿ ಮಕ್ಕಳಿದ್ದಾರಾ?”

ಮಾತು ಸರಿ ಎನಿಸಿತು. ಸರಿ ಎನಿಸಲೇಬೇಕಾದ ಹೊತ್ತಿನಲ್ಲಿ ಯಾವ ಮಾತೂ ಸರಿ ಎನಿಸುತ್ತದೆ. ಮರುದಿನ ಶಾಲೆಯೊಂದರ ಹಿತ್ತಿಲಲ್ಲಿ ಕೆಲಸ. ರಜೆ ಮುಗಿಯುವುದರೊಳಗೆ ಚಾವಣಿಯ ಮೇಲೆ ಬಾಗಿದ ಮರ ತೆಗೆಯಬೇಕು. ಉಡ ಗಟ್ಟಿ ಹಗ್ಗವನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಬಿದ್ದ ಹಗ್ಗವನ್ನು ಭಾವಮೈದನ ಕೈಗೆ ಕೊಟ್ಟ.

“ಭಾವ, ಇದು ಅದೇ ಅಲ್ವಾ?”

“ಹತ್ತೋಕಲ್ಲ, ಇಳಿಸೋಕೆ. ಕೊಂಬೆಗೇನು ಹೆಂಡ್ತಿ ಮಕ್ಕಳಿದ್ದಾರೇನೋ?”

ಜೊತೆಯವರು ನಕ್ಕರು. ಭಾವಮೈದನೂ ನಕ್ಕ. ಧಣಿಯ ಮಾತು ತನ್ನ ಬಾಯಿಂದ ಬಂದದ್ದು ಉಡನಿಗೆ ಆಗ ಗೊತ್ತಾಗಲಿಲ್ಲ.

ಸಣ್ಣ ಕೊಂಬೆಗಳು ಇಳಿದವು. ನಡುವಿನವೂ ಇಳಿದವು. ದೊಡ್ಡದನ್ನು ಕೊಯ್ದಾಗ ಅದು ಮರದಿಂದ ಬಿಟ್ಟು ಹಗ್ಗಕ್ಕೆ ಬಿತ್ತು. ಹಗ್ಗ ಅರೆಗಳಿಗೆ ತಡೆಯಿತು, ಆಮೇಲೆ ತುಂಡಾಯಿತು. ಭಾವಮೈದ ಓಡಿಹೋಗಬಹುದಿತ್ತು. ಮೇಲೆ ಭಾವ ಇದ್ದಾನಲ್ಲ, ಹಗ್ಗ ಬಿಡಬಾರದು ಎಂದು ಖಾಲಿ ಹಗ್ಗವನ್ನೇ ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತ ನಿಂತಿದ್ದ. ಕೊಂಬೆ ಅವನ ಬೆನ್ನಿನ ಮೇಲೆ ಬಿತ್ತು.

ಜೀವ ಉಳಿಯಿತು. ಸೊಂಟದ ಕೆಳಗೆ ಏನೂ ಉಳಿಯಲಿಲ್ಲ.

ವಿಚಾರಣೆಗೆ ಅಧಿಕಾರಿ ಬಂದ. ತುಂಡಾದ ಹಗ್ಗವನ್ನು ಕಾಲಿನಿಂದ ಸರಿಸಿ ನೋಡಿದ. “ಇಲ್ಲಿ ಮಾಲೀಕ ಯಾರು?” ಎಂದ.

ಯಾರೂ ಹೇಳಬೇಕಾಗಿರಲಿಲ್ಲ. ಲಾರಿಯ ಬಾಗಿಲಲ್ಲಿ ಬೋರ್ಡು ಇತ್ತು. ಧಣಿ ಪಕ್ಕದಲ್ಲೇ ನಿಂತು ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

“ನಾನು ಕೆಲಸ ಕೊಡಿಸೋನು ಅಷ್ಟೇ ಸಾರ್. ಬಿದ್ದ ಹಗ್ಗ ಮುಟ್ಟಬೇಡ ಅಂತ ಬಡ್ಕೊಂಡೆ. ಇವರ ಜನದಲ್ಲೇ ಅದಕ್ಕೊಂದು ಕಟ್ಟಳೆ ಇದೆ, ಕೇಳಿ ನೋಡಿ. ಆಸೆ ಸಾರ್. ನಾಲ್ಕು ಕಾಸಿನ ಆಸೆ.”

“ಧಣಿ, ನೀವೇ ಅಲ್ವಾ ಹೇಳಿದ್ದು? ಕೊಂಬೆಗೆ ಹೆಂಡ್ತಿ ಮಕ್ಕಳಿಲ್ಲ ಅಂತ...”

“ಆ ಮಾತು ಆಡಿದ್ದು ಯಾರು?” ಅಧಿಕಾರಿ ಜೊತೆಯವರ ಕಡೆ ತಿರುಗಿದ. “ನೀವು ಯಾರ ಬಾಯಿಂದ ಕೇಳಿದ್ರಿ?”

ಅವರು ಸುಳ್ಳು ಹೇಳುವ ಜನ ಅಲ್ಲ. ತಲೆ ತಗ್ಗಿಸಿ ಉಡನ ಕಡೆ ನೋಡಿದರು.

ಉಡ ಇನ್ನು ಮರ ಹತ್ತುವಂತಿಲ್ಲ ಎಂದಾಯಿತು. ಗರಗಸ, ಸೊಂಟಪಟ್ಟಿ, ಗಟ್ಟಿ ಹಗ್ಗ ಎಲ್ಲ ಹೋಯಿತು. ತುಂಡಾದ ಹಗ್ಗ ಯಾರಿಗೂ ಬೇಡವಾಗಿ ಉಳಿಯಿತು. ಭಾವಮೈದ, ಅವನ ಹೆಂಡತಿ, ಕೂಸು ಉಡನ ಒಂದೇ ಕೋಣೆಗೆ ಬಂದರು. ಭಾವಮೈದನ ಹೆಂಡತಿ ಮೂರು ಮನೆಯ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಉಡ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ.

ಕೊಂಬೆ ಬಿದ್ದ ದಿನ ಆಸ್ಪತ್ರೆಯಲ್ಲಿ ಉಡನ ಹೆಂಡತಿ ಅವನನ್ನು ಕೇಳಿದ್ದು ಒಂದೇ ಮಾತು. “ಬಿದ್ದ ಹಗ್ಗಾನಾ?” ಅವನು ತಲೆಯಾಡಿಸಿದ. ಅವತ್ತು ಮನೆಗೆ ಬಂದವಳೇ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಒಲೆಗೆ ಹಾಕಿದಳು. ಆಮೇಲೆ ಅವನೊಂದಿಗೆ ಮಾತಿಲ್ಲ. ಬೆಳಿಗ್ಗೆ ಬಿಸಿನೀರಿನ ಪಾತ್ರೆಯನ್ನು ಮಾತ್ರ ತಂದಿಡುತ್ತಿದ್ದಳು. ಆ ಪಾತ್ರೆ ಕಂಡರೆ ಉಡನಿಗೆ ಅಳು ಬರುತ್ತಿತ್ತು.

ಒಂದು ದಿನ ಭಾವಮೈದ ಮಲಗಿದಲ್ಲಿಂದಲೇ ಕರೆದ. “ಭಾವ, ಆ ಹಗ್ಗ ಕತ್ತರಿಸಿದ್ರಾ?”

“ಇಲ್ಲ.”

“ತಗೊಂಬನ್ನಿ. ಈಗ ಯಾರನ್ನೂ ಕೇಳೋದು ಬೇಡ.”

ಇಬ್ಬರೂ ಸೇರಿ ಕತ್ತರಿಸಿದರು. ಅವನು ತುದಿ ಹಿಡಿದ, ಉಡ ಕೊಯ್ದ. ಉದ್ದದ ತುಂಡನ್ನು ಭಾವಮೈದ ಕೇಳಿ ಇಸಿದುಕೊಂಡ. ಅದನ್ನು ಹಾಸಿಗೆಯ ಮೇಲಿನ ಕಿಟಕಿಯ ಸರಳಿಗೆ ಕಟ್ಟಿಸಿಕೊಂಡು, ಹಿಡಿದು ಎಳೆದು, ಹಲ್ಲು ಕಚ್ಚಿ ಎದ್ದು ಕೂತ.

“ತಡೆಯುತ್ತಾ ಭಾವ?”

“ನಿನ್ನ ತಡೆಯುತ್ತೆ.”

“ತಡೀಬೇಕಪ್ಪ. ಈಗ ನಾನು ಅರ್ಧಾನೇ ತಾನೆ?” ಎಂದು ನಕ್ಕ. ಉಡ ನಗಲು ನೋಡಿದ, ಆಗಲಿಲ್ಲ. ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಅತ್ತ.

ಉಳಿದ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಬೆಳಿಗ್ಗೆ ಧಣಿಯ ಅಂಗಳಕ್ಕೆ ಹೋದ. ಜೊತೆಯವರು ಲಾರಿಯ ಹತ್ತಿರ ಗುಂಪುಗೂಡಿದ್ದರು. ಬಾಗಿಲಿಗೆ ಬೋರ್ಡು ಕಟ್ಟುತ್ತಿದ್ದವನು ಕುಳ್ಳ, ಉಡನ ಕೈಯಲ್ಲೇ ಹತ್ತುವುದನ್ನು ಕಲಿತವನು. ಬೋರ್ಡು ಅದೇ, ಬಣ್ಣ ಹೊಸದು. ‘ಕುಳ್ಳ ಅಂಡ್ ಕಂಪನಿ’. ಬಣ್ಣ ಬಡಿದವನು ಅವಸರ ಮಾಡಿದ್ದ. ಅಡಿಯಲ್ಲಿ ‘ಉಡ’ ಇನ್ನೂ ಕಾಣುತ್ತಿತ್ತು.

ಉಡ ಒಬ್ಬೊಬ್ಬರ ಕೈಗೂ ಒಂದೊಂದು ತುಂಡು ಕೊಟ್ಟ. ತಡವಾಗಿ ಬಂದ ಪಾಲು. ಯಾರೂ ಬೇಡ ಎನ್ನಲಿಲ್ಲ. ಕುಳ್ಳ ಮಾತ್ರ ಬೋರ್ಡಿನ ತಂತಿ ಬಿಗಿಯುತ್ತಲೇ ಇದ್ದ.

“ನಂಗೊತ್ತು ಅಣ್ಣ. ಏನೂ ಹೇಳ್ಬೇಡ. ಒಲ್ಲೆ ಅಂದ್ರೆ ನಾಳೆಯಿಂದ ಕೆಲಸ ಇಲ್ಲ ಅಂದ್ರು.”

“ಹೇಳೋಕೆ ಬಂದಿಲ್ಲ. ಒಂದು ಮಾತು ಕೊಡು. ಬಿದ್ದ ದಿನಾನೇ ಕತ್ತರಿಸ್ತೀನಿ ಅಂತ.”

ಕುಳ್ಳ ತುಂಡು ಇಸಿದುಕೊಂಡ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ. “ಕತ್ತರಿಸ್ತೀನಿ. ಮಾರನೇ ದಿನ ಯಾವುದರಲ್ಲಿ ಹತ್ತಲಿ ಅಣ್ಣ?”

“ಅದನ್ನ ನನ್ನ ಕೇಳಬೇಡ. ಆ ಕೋಣೇಲಿರೋನ್ನ ಕೇಳು. ನಾನೂ ಕೇಳಿದ್ದೆ. ಒಬ್ಬನೇ ಹೋಗಿ ಕೇಳಿದ್ದೆ.” ಉಡ ಎಲ್ಲರ ಮುಖ ನೋಡಿದ. “ನೀವು ಒಬ್ಬೊಬ್ಬರೇ ಹೋಗಬೇಡಿ.”

ಎಲ್ಲರೂ ಕೋಣೆಯ ಕಡೆ ತಿರುಗಿದರು. ಕೈಯಲ್ಲಿ ತುಂಡು ಹಗ್ಗ ಹಿಡಿದು ಸುಮ್ಮನೆ ನಿಂತರು. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಬಾಗಿಲು ತೆರೆಯಿತು, ಧಣಿ ಹೊಸ್ತಿಲಲ್ಲಿ ನಿಂತ.

“ಏನ್ರೋ, ಹೊತ್ತಾಗ್ಲಿಲ್ವಾ? ಕುಳ್ಳಪ್ಪ, ನಿನ್ನ ಆಳುಗಳನ್ನ ಹತ್ತಿಸ್ಕೊ.”

ಕುಳ್ಳ ತಲೆ ತಗ್ಗಿಸಿದ. “ಹತ್ತಿ,” ಎಂದ.

ಒಬ್ಬೊಬ್ಬರಾಗಿ ಲಾರಿ ಹತ್ತಿದರು. ಹಗ್ಗದ ತುಂಡನ್ನು ಯಾರೂ ಎಸೆಯಲಿಲ್ಲ, ಜೇಬಿಗೆ ಹಾಕಿಕೊಂಡರು. ‘ಮರ ಉಳಿಸಿ’ ಎಂಬ ಅಕ್ಷರ ಗೇಟು ದಾಟಿ ಹೋಯಿತು. ಕುಳ್ಳನ ಪ್ರಶ್ನೆ ಮಾತ್ರ ಅಂಗಳದಲ್ಲೇ ಉಳಿಯಿತು. ಅದಕ್ಕೆ ಉತ್ತರ ಕೊಡಬೇಕಾದವನು ಹೊಸ್ತಿಲಿನಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.